ಬಡ ಮಣ್ಣಿನ ಹೂವು

ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಅಂತ ಹಿರಿಯರು ಹೇಳ್ತಾರ. ಪದ ಹಾಡುವಾಗ ನಡುವೆ ನಾನೂ ಎಷ್ಟೋ ಸಲ ಹೇಳೀನಿ. ಈ ಮಾತು ಖರೇನಾ? ಒಂದು ಹೂವಿನ ಗಿಡ ನನ್ನನ್ನು ಈ ವಿಚಾರಕ್ಕೆ ಹಚ್ಚಿತು.

ಎತ್ತು ಮಾರಿದ ಮೇಲೆ ಮನೆ ಮುಂದೆ ಅವಕ್ಕೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿ ಖಾಲಿ ಬಿದ್ದಿತ್ತು. ಬೆಂಗಳೂರಿನ ನರ್ಸರಿಯಲ್ಲಿ ಕೆಲಸ ಮಾಡುವ ಮೊಮ್ಮಗ ಅದನ್ನು ನೋಡಿ, "ತಾತ, ಇಂಗ್ಲೆಂಡಿನವರು ಇಂಥ ಹಳೇ ದೋಣಿಯಾಗ ಆಲ್ಪ್ಸ್ ಬೆಟ್ಟದ ಗಿಡ್ಡ ಕಾರ್ನೇಷನ್ ಬೆಳಸ್ತಾರ" ಅಂದ. ನಾಲ್ಕೈದು ಬೆರಳು ಎತ್ತರದ ಗಿಡವಂತೆ. ಜಲ್ಲಿ, ಮರಳು ಬೆರೆಸಿದ ಬಡ ಮಣ್ಣೇ ಅದಕ್ಕೆ ಬೇಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಆದರೆ ಅದು ಥಂಡಿ ಸೀಮೆಯದು, ನಮ್ಮ ಗದ್ವಾಲ ಕಡೆಯ ಬ್ಯಾಸಗಿ ತಡೆಯದು. ಅದಕ್ಕೆ ದೋಣಿಯ ತಳಕ್ಕೆ ಉಳಿಯಿಂದ ತೂತು ಹೊಡೆದು, ಅದೇ ತರದ ಮಣ್ಣು ತುಂಬಿ, ಹತ್ತು ಗಂಟೆ ಹೂವಿನ ಕಡ್ಡಿ ಚುಚ್ಚಿದೆವು. ಅದೂ ಬಡ ಮಣ್ಣಿನ ಗಿಡವೇ. ರೈತನ ಕೈ ಸುಮ್ಮನಿರಲಿಲ್ಲ, ಒಂದು ಬದಿಗೆ ಸಗಣಿ ಗೊಬ್ಬರ ಹಾಕಿದೆ. ಆ ಬದಿ ಬರೀ ಎಲೆ, ಈ ಬದಿ ತುಂಬಾ ಹೂವು.

"ನೋಡವ್ವ, ಕಡಿಮೆ ಕೊಟ್ಟರೇ ಚಂದ ಬೆಳೀತಾವ" ಅಂತ ಹಿರಿಮಗಳಿಗೆ ಅಂದೆ.

ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಗುಣ ತಿಳಕೊಂಡು ಮಣ್ಣು ಹಾಕಿದಿ ಯಪ್ಪಾ. ನನ್ನ ಯಾರು ಕೇಳಿದ್ರು?" ಅಂದಳು.

ನಮ್ಮ ಕಡೆ ಬೀಜದ ಹತ್ತಿ ಬೆಳೀತಾರ. ಸಂಜೆ ಮೊಗ್ಗಿನ ಗಂಡು ಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸಬೇಕು. ಸಣ್ಣ ಕೈ, ಕಡಿಮೆ ಕೂಲಿ ಅಂತ ಮಕ್ಕಳನ್ನು ಹಚ್ಚುತ್ತಿದ್ದೆವು. ಐದನೇ ಕ್ಲಾಸಿಗೆ ಆಕಿಯ ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ದವನು ನಾನೇ. "ಕಷ್ಟ ಕಲೀಲಿ" ಅಂದಿದ್ದೆ. ನಾನು ಏಳನೇತ್ತ ಓದಿದವ, ಆಕಿಗೆ ಅಷ್ಟೂ ಕೊಡಲಿಲ್ಲ.

ಬಡ ಮಣ್ಣು ಆ ಗಿಡದ ತವರು. ಅಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಕೂಸಿಗೆ ಹತ್ತಿ ಹೊಲ ತವರಲ್ಲ. ಆಕಿ ಗಟ್ಟಿಯಾದದ್ದು ಖರೆ, ಆದರೆ ಅದು ಆಕಿಯ ದೊಡ್ಡತನ, ನಾನು ಕೊಟ್ಟದ್ದಲ್ಲ. ಕಷ್ಟ ಉಂಡವರು ಅದನ್ನು ಹೊಗಳಿದರೆ ಕೇಳೋಣ. ಬಡಿಸಿದವರು ಹೊಗಳಬಾರದು.

ಪದದ ನಡುವೆ ಆ ಮಾತು ಹೇಳೋದು ಈಗ ಬಿಟ್ಟೀನಿ. ಹತ್ತಿ ಹೂ ಬಿಡುವ ತಿಂಗಳಲ್ಲೂ ನಮ್ಮ ಸಣ್ಣ ಮೊಮ್ಮಗಳು ಶಾಲೆ ತಪ್ಪಿಸೋದಿಲ್ಲ.