ಎ ಪ್ಲಸ್ ಗೆರೆಯ ಆಚೆ ಈಚೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಕಾಸರಗೋಡಿನ ಯಾವ ಪೇಟೆಯಲ್ಲಿ ಬಸ್ಸಿಳಿದರೂ ಮೊದಲು ಕಣ್ಣಿಗೆ ಬೀಳುವುದು ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಮಕ್ಕಳ ಭಾವಚಿತ್ರಗಳು. ಶಾಲೆ, ಯುವಕ ಮಂಡಲ, ಸಹಕಾರಿ ಬ್ಯಾಂಕು, ರಾಜಕೀಯ ಪಕ್ಷ, ಎಲ್ಲರ ಅಭಿನಂದನೆಯೂ ಅವರಿಗೇ. ನಮ್ಮ ಕನ್ನಡ ಸಂಘಗಳೂ ಇದಕ್ಕೆ ಹೊರತಲ್ಲ. ಅತ್ಯುನ್ನತ ಶ್ರೇಣಿಗೆ ನಾವು ಕಟ್ಟುತ್ತಿರುವ ಬೆಲೆ ನ್ಯಾಯವಾದುದೇ ಎಂಬ ಪ್ರಶ್ನೆಯನ್ನು ಆದ್ದರಿಂದ ನಮ್ಮವರ ಮುಂದೆಯೇ ಇಡಬೇಕಾಗಿದೆ.

ಶ್ರೇಣಿಗೆ ಬೆಲೆಯೇ ಇಲ್ಲವೆಂದರೆ ಅದು ಪ್ರಾಮಾಣಿಕವಾದ ಮಾತಾಗದು. ಪ್ಲಸ್ ಒನ್‌ಗೆ ಬೇಕಾದ ಶಾಲೆ, ಬೇಕಾದ ವಿಷಯ ದೊರೆಯುವುದು ಶ್ರೇಣಿಯ ಬಲದಿಂದಲೇ. ಬೀಡಿ ಕಟ್ಟಿ ಮಗಳನ್ನು ಓದಿಸುವ ತಾಯಿಗೆ ಬೇರೆ ಯಾವ ಶಿಫಾರಸು ಇದೆ? ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪದವಿ ಪೂರೈಸದೆಯೇ ಬಹುಭಾಷಾ ವಿದ್ವಾಂಸರಾದರು, ರಾಷ್ಟ್ರಕವಿಗಳಾದರು ಎಂದು ನಾವು ವೇದಿಕೆಗಳಲ್ಲಿ ಹೇಳುವುದುಂಟು. ಆದರೆ ಪದವಿಯಿಲ್ಲದವರೆಲ್ಲ ಗೋವಿಂದ ಪೈಗಳಾಗುವುದಿಲ್ಲ. ಮಹಾತ್ಮರ ಉದಾಹರಣೆಯಿಂದ ಬಡವರ ಮಕ್ಕಳಿಗೆ ಸಮಾಧಾನ ಹೇಳುವುದು ಸುಲಭ. ಅದರಿಂದ ಅವರಿಗೆ ಸೀಟು ಸಿಗದು.

ಹಾಗಾದರೆ ತಪ್ಪಿರುವುದೆಲ್ಲಿ? ಕೇರಳದಲ್ಲಿ ಎಸ್.ಎಸ್.ಎಲ್.ಸಿ.ಗೆ ಶ್ರೇಣಿ ಪದ್ಧತಿ ಬಂದುದು 2005ರಲ್ಲಿ. ಅದಕ್ಕೆ ಮುಂಚೆ ರ್‍ಯಾಂಕ್ ಪಡೆದವರ ಚಿತ್ರಗಳು ಪತ್ರಿಕೆಗಳಲ್ಲಿ ರಾರಾಜಿಸುತ್ತಿದ್ದವು. ಒಂದೆರಡು ಅಂಕಗಳಿಗಾಗಿ ಮಕ್ಕಳು ಬಳಲುವುದು ತಪ್ಪಲಿ ಎಂದು ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು ಶ್ರೇಣಿಗಳು ಬಂದವು. ತೊಂಬತ್ತಕ್ಕೂ ನೂರಕ್ಕೂ ಭೇದವಿಲ್ಲವಾಯಿತು. ಆದರೆ ನಾವು ಎಂಬತ್ತೊಂಬತ್ತಕ್ಕೂ ತೊಂಬತ್ತಕ್ಕೂ ನಡುವೆ ಒಂದು ಗೆರೆಯೆಳೆದು, ಆಚೆಯವರನ್ನು ವೇದಿಕೆಗೆ ಕರೆದೆವು, ಈಚೆಯವರನ್ನು ಮರೆತೆವು. ಪದ್ಧತಿ ಬದಲಾಯಿತು, ನಮ್ಮ ಮನಸ್ಸು ಬದಲಾಗಲಿಲ್ಲ.

ಆ ಗೆರೆಯಾದರೂ ಸ್ಥಿರವೇ? 2021ರಲ್ಲಿ ರಾಜ್ಯದಲ್ಲಿ 1,21,318 ಮಕ್ಕಳು ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದರು. ಮರುವರ್ಷ 44,363 ಮಂದಿ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಿತೆಂದು ಯಾರೂ ಹೇಳಲಾರರು. ಕೊರೋನಾ ಕಾಲದ ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿತ್ತು. ಮರುವರ್ಷ ಅದು ಕಡಿಮೆಯಾಯಿತು. ಅಳೆಯುವ ಕೋಲು ಬದಲಾದಾಗ ಎತ್ತರವೂ ಬೇರೆಯಾಗಿ ಕಂಡಿತು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ನಿವೃತ್ತರಾಗುವ ವರ್ಷ ಶಾಲೆಯ ಇಬ್ಬರು ಮಕ್ಕಳಿಗೆ ಹತ್ತೂ ವಿಷಯಗಳಲ್ಲಿ ಎ ಪ್ಲಸ್ ಬಂದಿತ್ತು. ಇನ್ನೊಬ್ಬ ಹುಡುಗಿಗೆ ಒಂಬತ್ತರಲ್ಲಿ ಎ ಪ್ಲಸ್, ಗಣಿತದಲ್ಲಿ ಮಾತ್ರ ಎ. ಸನ್ಮಾನ ಸಮಾರಂಭ ಏರ್ಪಾಡಾಯಿತು. ಅವಳ ಕನ್ನಡ ಅಕ್ಷರ ಮುತ್ತು ಪೋಣಿಸಿದಂತಿತ್ತು. ಆದುದರಿಂದ ಎರಡು ಸನ್ಮಾನಪತ್ರಗಳನ್ನೂ ಅವಳಿಂದಲೇ ಬರೆಸಿದೆವು. "ಆಗಲಿ ಸಾರ್" ಎಂದು ಬರೆದುಕೊಟ್ಟಳು. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಸಮಾರಂಭದ ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು. ಅವಳ ಹೆಸರನ್ನು ನಾವು ಉಚ್ಚರಿಸಲೂ ಇಲ್ಲ. ನಿಯಮದ ಪ್ರಕಾರ ನಡೆದುಕೊಂಡೆವೆಂಬ ನೆಮ್ಮದಿಯಿಂದ ಮನೆಗೆ ಹೋದೆವು. ಅದು ಅನ್ಯಾಯವೆಂದು ಹೊಳೆಯಲು ನಮಗೆ ವರ್ಷಗಳೇ ಬೇಕಾದವು.

ಪ್ರಶಂಸೆ ಬೇರೆ, ಗೌರವ ಬೇರೆ. ಸಾಧನೆಗೆ ಸಲ್ಲುವುದು ಪ್ರಶಂಸೆ. ಅದರಲ್ಲಿ ಹೆಚ್ಚು ಕಡಿಮೆ ಇರಬಹುದು, ಇರಬೇಕು. ಮನುಷ್ಯನಿಗೆ ಸಲ್ಲುವುದು ಗೌರವ. ಅದನ್ನು ಅಂಕಪಟ್ಟಿ ನೋಡಿ ಹಂಚಬಾರದು. ಪ್ರಶಂಸೆಯ ಸಂಭ್ರಮದಲ್ಲಿ ನಾವು ಗೌರವವನ್ನೂ ಶ್ರೇಣಿಗನುಸಾರ ಹಂಚಿಬಿಟ್ಟೆವು. ಹದಿನೈದರ ಹರೆಯದ ಮಗುವಿಗೆ ಈ ಎರಡರ ಅಂತರ ತಿಳಿಯದು. ವೇದಿಕೆಗೆ ಕರೆಯದಿದ್ದರೆ ತಾನು ಬೇಡವಾದವನೆಂದೇ ಅದು ಭಾವಿಸುತ್ತದೆ. ಕರೆಸಿಕೊಂಡ ಮಗುವಿಗೂ ಅಪಾಯವಿದೆ. ಮುಂದೆಂದಾದರೂ ಶ್ರೇಣಿ ಇಳಿದರೆ ತನ್ನ ಬೆಲೆಯೇ ಇಳಿಯಿತೆಂದು ಅದು ಕುಗ್ಗುತ್ತದೆ.

ಎ ಪ್ಲಸ್ ಪಡೆದವರಿಗೆ ಸನ್ಮಾನ ಬೇಡವೆಂದು ನಾವು ಹೇಳುವುದಿಲ್ಲ. ಅವರ ಶ್ರಮ ನಿಜವಾದುದು. ಆದರೆ ಅದೇ ವೇದಿಕೆಯಲ್ಲಿ ಇನ್ನೂ ಕೆಲವು ಕುರ್ಚಿಗಳಿರಲಿ. ಎಂಟನೆಯ ತರಗತಿಗೆ ಬಂದಾಗ ಕನ್ನಡ ಓದಲು ತಡವರಿಸುತ್ತಿದ್ದು, ಹತ್ತನೆಯದನ್ನು ಸಿ ಪ್ಲಸ್‌ನಲ್ಲಿ ದಾಟಿದ ಹುಡುಗನಿಗೆ ಒಂದು. ಮುಂಜಾನೆ ಮನೆಗೆಲಸ ಮುಗಿಸಿ ಒಂದು ದಿನವೂ ತಪ್ಪದೆ ಶಾಲೆಗೆ ಬಂದವಳಿಗೆ ಇನ್ನೊಂದು. ಅಂಥವರು ಯಾರೆಂದು ಪ್ರತಿಯೊಂದು ಶಾಲೆಯ ಅಧ್ಯಾಪಕರೂ ಬಲ್ಲರು, ನಾವು ಕೇಳಬೇಕಷ್ಟೆ. ಗಡಿನಾಡಿನಲ್ಲಿ ಕನ್ನಡ ಶಾಲೆಗಳು ಉಳಿಯುವುದೂ ಇಂಥ ಮಕ್ಕಳಿಂದಲೇ.

ಈ ಸಮ್ಮೇಳನದಲ್ಲಿ ಸನ್ಮಾನಪತ್ರಗಳನ್ನು ಓದುವಾಗ ಅವುಗಳನ್ನು ಬರೆದ ವಿದ್ಯಾರ್ಥಿಯ ಹೆಸರನ್ನೂ ಓದಬೇಕೆಂದು ಸಂಘಟಕರಲ್ಲಿ ನಮ್ಮ ವಿನಂತಿ.