ಮಾತಿನ ಹೊಣೆ ಯಾರದು?

ಆಡಿದ ಮಾತಿಗೆ ಹೊಣೆ ಯಾರು? ಆಡಿದವನೇ, ಅದನ್ನು ಹೊತ್ತು ತಿರುಗಿದವನೇ, ಕೇಳಿ ಅರ್ಥ ಮಾಡಿಕೊಂಡವನೇ? ಸೊಮಾಲಿಗಳ ಕಾವ್ಯಲೋಕ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಆ ಉತ್ತರದಂತೆ ಬದುಕಿದವರು ಕವಿ, ನಾಟಕಕಾರ ಮುಹಮ್ಮದ್ ಇಬ್ರಾಹೀಂ ವರ್ಸಮೆ. ಜನ ಅವರನ್ನು ಕರೆದದ್ದು ‘ಹದ್ರಾವಿ’ ಎಂದು.

ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ದೊರೆತದ್ದು 1972ರಲ್ಲಿ. ಅದಕ್ಕೆ ಮುಂಚೆ ಒಂಟೆ ಮೇಯಿಸುತ್ತ ಅಲೆಯುವ ಆ ಸಮಾಜದಲ್ಲಿ ಕಾವ್ಯವೇ ಪತ್ರಿಕೆ, ಕಾವ್ಯವೇ ಪಂಚಾಯಿತಿ. ಒಂದು ಕವನ ಜಗಳ ಹಚ್ಚಬಲ್ಲದು, ರಾಜಿಯನ್ನೂ ಮಾಡಿಸಬಲ್ಲದು. ಕವನದ ಉದ್ದಕ್ಕೂ ಪ್ರತಿ ಸಾಲಿನಲ್ಲಿ ಒಂದೇ ಅಕ್ಷರದಿಂದ ಆರಂಭವಾಗುವ ಪದ ಬರಬೇಕು. ನೆನಪಿಗೆ ಅದೇ ಆಸರೆ. ಕವನವನ್ನು ಬಾಯಿಪಾಠ ಮಾಡಿದವನಿಗೆ ಎರಡು ಕಟ್ಟುಪಾಡುಗಳು: ಪದ ಬದಲಿಸುವಂತಿಲ್ಲ, ಕವಿಯ ಹೆಸರು ಹೇಳದೆ ಬಿಡುವಂತಿಲ್ಲ. ಮಾತು ಎಷ್ಟು ದೂರ ಹೋದರೂ ಹೊಣೆ ಕವಿಯ ಹೆಗಲ ಮೇಲೆಯೇ ಉಳಿಯುತ್ತಿತ್ತು.

ಹದ್ರಾವಿ 1943ರಲ್ಲಿ ಬುರಾವೊ ಸಮೀಪದ ಅಲೆಮಾರಿ ಕುಟುಂಬವೊಂದರಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಏಡನ್‌ಗೆ ಹೋಗಿ ಅಲ್ಲಿ ಓದಿದರು. 1967ರಲ್ಲಿ ಮೊಗದಿಶು ಸೇರಿ ರೇಡಿಯೋದಲ್ಲಿ ಕೆಲಸ ಮಾಡಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸಿಯಾದ್ ಬರೆಯವರ ಸೇನಾಡಳಿತ ಬಂತು. 1973ರಲ್ಲಿ ಹದ್ರಾವಿಯವರ ‘ಸೀನ್‌ಲೆ’ ಕವನ ಮತ್ತು ‘ತವಾವ’ ನಾಟಕ ಆಡಳಿತವನ್ನು ಟೀಕಿಸಿದವು. ಅದಕ್ಕಾಗಿ ಕವಿ 1978ರವರೆಗೆ ಕನ್ಸಹ್ ಡೇರೆಯಲ್ಲಿ ಸೆರೆಯಲ್ಲಿರಬೇಕಾಯಿತು.

ಸೆನ್ಸಾರಿನ ಆ ಕಾಲದಲ್ಲಿ ಕವಿಗಳಿಗೆ ರೂಪಕವೇ ದಾರಿ. ಒಂಟೆಯ ಮಾತು, ಪ್ರೇಮದ ಮಾತು ನಾಡಿನ ಮಾತಾಗುತ್ತಿತ್ತು. ಹೀಗೆ ಮರೆಯಲ್ಲಿ ನಿಂತು ಮಾತಾಡುವುದು ಅಂಜಿಕೆಯಲ್ಲವೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆನಿಸುವುದಿಲ್ಲ. ಅಲ್ಲಿ ಮರೆಯಲ್ಲಿದ್ದದ್ದು ಅರ್ಥವೇ ಹೊರತು ಕವಿಯಲ್ಲ. ಕವಿಯ ಹೆಸರು ಎಲ್ಲರಿಗೂ ಗೊತ್ತಿತ್ತು, ಆಳುವವರಿಗೂ. ಅರ್ಥವನ್ನು ತಾನೇ ಬಿಡಿಸಿಕೊಂಡ ಕೇಳುಗ ಕೂಡ ಆ ಸತ್ಯದಲ್ಲಿ ಪಾಲುದಾರನಾಗುತ್ತಿದ್ದ. ತಿಳಿದ ಮೇಲೆ ‘ನನಗೇನೂ ಗೊತ್ತಿಲ್ಲ’ ಎನ್ನುವುದು ಸುಲಭವಲ್ಲ.

1979ರ ಕೊನೆಗೆ ಗೆಳೆಯ ಕವಿ ಗಾರಿಯೆ ‘ದೇಲ್ಲೆ’ ಎಂಬ ಕಾವ್ಯಸರಣಿ ಆರಂಭಿಸಿದಾಗ ಹದ್ರಾವಿಯೂ ದನಿಗೂಡಿಸಿದರು. ಕುಲದ ಹೆಸರಿನ ಪಕ್ಷಪಾತವನ್ನು ಅದು ಚರ್ಚೆಗೆಳೆಯಿತು. ಅನೇಕ ಕವಿಗಳು ಅದೇ ‘ದ’ಕಾರದ ಪ್ರಾಸ ಹಿಡಿದು ಉತ್ತರ ಕೊಟ್ಟರು. ಕವನಗಳು ಕ್ಯಾಸೆಟ್‌ಗಳಲ್ಲಿ ಮನೆಮನೆ ತಲುಪಿದವು.

ಆದರೆ ಕಠಿಣ ಪ್ರಶ್ನೆ ಮುಂದಿದೆ. 1982ರಲ್ಲಿ ಹದ್ರಾವಿ ಇಥಿಯೋಪಿಯಾಕ್ಕೆ ಹೋಗಿ, ಸರಕಾರದ ವಿರುದ್ಧ ಶಸ್ತ್ರ ಹಿಡಿದಿದ್ದ ಸೊಮಾಲಿ ರಾಷ್ಟ್ರೀಯ ಚಳವಳಿಯನ್ನು ಸೇರಿದರು. 1988ರಲ್ಲಿ ತನ್ನದೇ ನಗರವಾದ ಹರ್ಗೇಸಾದ ಮೇಲೆ ಬಾಂಬು ಸುರಿದ ಆಡಳಿತವದು. ಅದನ್ನು ವಿರೋಧಿಸಿದ್ದು ತಪ್ಪೆನ್ನಲಾಗದು. 1991ರಲ್ಲಿ ಸಿಯಾದ್ ಬರೆ ಪದಚ್ಯುತರಾದರು. ಬಂದೂಕುಗಳು ಮಾತ್ರ ಸುಮ್ಮನಾಗಲಿಲ್ಲ. ಕುಲ ಕುಲಗಳೇ ಕಾದಾಡಿದವು. ದಬ್ಬಾಳಿಕೆಯ ವಿರುದ್ಧ ದನಿಯೆತ್ತಿದವನು, ಅದು ಬಿದ್ದ ಮೇಲೆ ನಡೆದುದಕ್ಕೂ ಉತ್ತರ ಹೇಳಬೇಕೇ? ‘ನನ್ನ ಕೆಲಸ ಮುಗಿಯಿತು’ ಎಂದು ಪಕ್ಕಕ್ಕೆ ಸರಿಯಬಹುದಿತ್ತು. ಹದ್ರಾವಿ ಸರಿಯಲಿಲ್ಲ. 2003ರಲ್ಲಿ ಅವರು ಶಾಂತಿಯಾತ್ರೆ ಹೊರಟು, ಯುದ್ಧದಲ್ಲಿ ಬೆಂದ ದಕ್ಷಿಣದ ಊರುಗಳಿಗೆ ಹೋಗಿ ಜನರ ನಡುವೆ ನಿಂತರು. ಯಾತ್ರೆಯಿಂದ ಯುದ್ಧ ನಿಲ್ಲಲಿಲ್ಲ, ನಿಜ. ಆದರೆ ಹೊಣೆಗಾರಿಕೆಯನ್ನು ಗೆಲುವಿನಿಂದಷ್ಟೇ ಅಳೆಯಲಾದೀತೇ?

2022ರ ಆಗಸ್ಟ್ 18ರಂದು ಹರ್ಗೇಸಾದಲ್ಲಿ ಹದ್ರಾವಿ ತೀರಿಕೊಂಡರು. ಯಾರು ಹೇಳಿದರೆಂದು ತಿಳಿಯದ ಮಾತನ್ನು ಓದಿದ ಕ್ಷಣವೇ ಹತ್ತು ಮಂದಿಗೆ ದಾಟಿಸಿ ಕೈತೊಳೆದುಕೊಳ್ಳುವ ಕಾಲ ನಮ್ಮದು. ಓದು ಬರಹವಿಲ್ಲದ ಕುರಿಗಾಹಿಯೊಬ್ಬ ಪದ್ಯ ಹಾಡುವ ಮುನ್ನ ಕವಿಯ ಹೆಸರು ಹೇಳುತ್ತಿದ್ದ ಆ ಶಿಸ್ತು ನಮ್ಮಲ್ಲೆಷ್ಟು ಉಳಿದಿದೆ? ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.