ಅಳಿವೆಯ ಮೀನು ಮತ್ತು ಅಲ್ಲಾಹನ ಪರೀಕ್ಷೆ



ಮನುಷ್ಯನು ಅನ್ನಕ್ಕಾಗಿ ಮಾಡುವ ಪ್ರತಿಯೊಂದು ಕಸುಬಿನಲ್ಲೂ ಅಲ್ಲಾಹನು ಒಂದು ಪಾಠವನ್ನೂ ಒಂದು ಪರೀಕ್ಷೆಯನ್ನೂ ಇರಿಸಿದ್ದಾನೆ. ರೈತನಿಗೆ ಮಳೆಯಲ್ಲಿ, ವ್ಯಾಪಾರಿಗೆ ತಕ್ಕಡಿಯಲ್ಲಿ, ಗುಮಾಸ್ತನಿಗೆ ಲೆಕ್ಕದ ಪುಸ್ತಕದಲ್ಲಿ ಅದು ಕಾದಿರುತ್ತದೆ. ಮೀನು ಹಿಡಿಯುವವನಿಗೆ ಎಲ್ಲಿ? ಇಂದು ಅದನ್ನು ಸ್ವಲ್ಪ ಯೋಚಿಸೋಣ.

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಮಂಗಳೂರಿನ ಬಳಿ ಒಂದೇ ಅಳಿವೆಯ ಮೂಲಕ ಕಡಲು ಸೇರುತ್ತವೆ. ಇಂತಹ ಅಳಿವೆಗಳಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಇಂಗ್ಲಿಷಿನವರು ಸೀ ಪರ್ಚ್ ಎಂದೂ, ಕೇರಳದವರು ಕಾಳಾಂಜಿ ಎಂದೂ, ಬಂಗಾಳದವರು ಭೇಟ್ಕಿ ಎಂದೂ ಕರೆಯುವ ಬೆಲೆಬಾಳುವ ಮೀನು ಇಂತಹ ನೀರಿನಲ್ಲೇ ಬಾಳುತ್ತದೆ. ಅದನ್ನು ಹಿಡಿಯಲು ದೊಡ್ಡ ಬಲೆಯೇ ಬೇಕೆಂದಿಲ್ಲ. ಒಂದು ಸಣ್ಣ ದೋಣಿ, ಒಂದು ಸುತ್ತು ತಂಗೂಸಿ, ಕೊಕ್ಕೆ ಕೂಡಿಸಿದ ಸೀಸದ ಪುಟ್ಟ ಮೀನು ಸಾಕು. ಬಲ್ಲವರು ಅದನ್ನು ಜಿಗ್ ಎನ್ನುತ್ತಾರೆ. ಸೇತುವೆಯ ಕಂಬವೋ ಬಂಡೆಯೋ ನೀರಿನ ಸೆಳೆತವನ್ನು ಒಡೆಯುವ ಕಡೆಯಲ್ಲಿ ದೋಣಿಯನ್ನು ನಿಲ್ಲಿಸಿ ಜಿಗ್ಗನ್ನು ತಳಕ್ಕೆ ಬಿಡಬೇಕು. ತಳ ಮುಟ್ಟಿದೊಡನೆ ಒಂದು ಮೊಳದಷ್ಟು ಮೇಲೆತ್ತಬೇಕು, ಮತ್ತೆ ಮೆಲ್ಲನೆ ಇಳಿಯಗೊಡಬೇಕು. ಎತ್ತುವುದು, ಇಳಿಸುವುದು, ಇಷ್ಟೇ ಕೆಲಸ. ಆದರೆ ಇಳಿಯುವಾಗ ನೂಲು ಸಡಿಲಾಗಬಾರದು. ಏಕೆಂದರೆ ಮೀನು ಹೆಚ್ಚಾಗಿ ಬಾಯಿ ಹಾಕುವುದು ಅದು ಕೆಳಗೆ ಬೀಳುವಾಗಲೇ. ಬೀಳುತ್ತಿರುವುದು ಗಾಯಗೊಂಡ ಮರಿ, ಸುಲಭದ ತುತ್ತು ಎಂದು ಅದು ಭಾವಿಸುತ್ತದೆ. ಹೊಳಪು ಕಾಣುತ್ತದೆ, ಕೊಕ್ಕೆ ಕಾಣುವುದಿಲ್ಲ.

ಈ ಮೀನಿಗೂ ಒಂದು ಹೊತ್ತಿದೆ. ನೀರು ನಿಂತಿದ್ದಾಗ ಅದು ಸಾಮಾನ್ಯವಾಗಿ ಬಾಯಿ ತೆರೆಯುವುದಿಲ್ಲ. ಉಬ್ಬರವೋ ಇಳಿತವೋ ಹರಿಯತೊಡಗಿದಾಗ ಸಣ್ಣ ಮೀನುಗಳು ಸೆಳೆತಕ್ಕೆ ಸಿಗುತ್ತವೆ, ಆಗ ಅದು ಬೇಟೆಗೆ ಹೊರಡುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ನಾಳಿನ ಉಬ್ಬರವು ಇಂದಿಗಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಸೂರ್ಯ ಚಂದ್ರರು ಒಂದು ಲೆಕ್ಕಾಚಾರಕ್ಕೆ ಬದ್ಧರಾಗಿರುವರೆಂದು ಪವಿತ್ರ ಕುರ್‌ಆನ್ ಅರ್ರಹ್ಮಾನ್ ಅಧ್ಯಾಯದ ಆರಂಭದಲ್ಲೇ ನಮಗೆ ತಿಳಿಸುತ್ತದೆ. ದೋಣಿಯಲ್ಲಿ ಕುಳಿತವನು ಆ ಲೆಕ್ಕವನ್ನು ತನ್ನ ಕೈಯಲ್ಲಿನ ನೂಲಿನ ಎಳೆತದಲ್ಲೇ ಅನುಭವಿಸುತ್ತಾನೆ.

ಕಡಲಿನ ಬೇಟೆ ನಮಗೆ ಧರ್ಮಸಮ್ಮತವಾಗಿದೆ. ಇಹ್ರಾಮ್‌ನಲ್ಲಿರುವವನಿಗೆ ನೆಲದ ಬೇಟೆ ನಿಷಿದ್ಧವಾದಾಗಲೂ ಕಡಲಿನ ಬೇಟೆಗೆ ಅನುಮತಿಯಿದೆ. ಹಝ್ರತ್ ಅಬೂ ಉಬೈದಾ(ರ) ಅವರ ನಾಯಕತ್ವದಲ್ಲಿ ಕಡಲ ದಂಡೆಗೆ ಹೋಗಿದ್ದ ಮುನ್ನೂರು ಮಂದಿ ಸಹಾಬಿಗಳು ಆಹಾರ ಮುಗಿದು ಎಲೆಗಳನ್ನು ತಿನ್ನುವ ಸ್ಥಿತಿಗೆ ಬಂದಾಗ, ಅಲೆಗಳು ದಡಕ್ಕೆ ತಂದೆಸೆದ ಒಂದು ಬೃಹತ್ ಮೀನು ಅವರ ಹಸಿವನ್ನು ನೀಗಿಸಿತು. ಅವರು ಮದೀನಕ್ಕೆ ಮರಳಿದಾಗ ಪ್ರವಾದಿಯವರು(ಸ) ಅದು ಅಲ್ಲಾಹನು ಕೊಟ್ಟ ಆಹಾರವೆಂದು ಹೇಳಿ, ಉಳಿದಿದ್ದ ಮಾಂಸದಲ್ಲಿ ತಾವೂ ತಿಂದರು. ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆಯಿದೆ. ಹಾಗಾದರೆ ಮೀನು ಅನುಗ್ರಹವೇ ಸರಿ. ಆದರೆ ಅದೇ ಮೀನು ಒಮ್ಮೆ ಒಂದು ಊರಿನಲ್ಲಿ ಮೇರೆ ಮೀರಿದವರ ಶಿಕ್ಷೆಗೂ ಕಾರಣವಾಯಿತು.

ಅಲ್ ಅಅ್‌ರಾಫ್ ಅಧ್ಯಾಯವು ಕಡಲ ತೀರದ ಒಂದು ಊರಿನ ಕತೆಯನ್ನು ಹೇಳುತ್ತದೆ. ಅಲ್ಲಿನ ಬನೀ ಇಸ್ರಾಈಲರಿಗೆ ಶನಿವಾರ ಬೇಟೆ ನಿಷಿದ್ಧವಾಗಿತ್ತು. ಅದೇ ದಿನ ಮೀನುಗಳು ನೀರ ಮೇಲೆ ತಲೆಯೆತ್ತಿ ಬರುತ್ತಿದ್ದವು, ಉಳಿದ ದಿನ ಬರುತ್ತಿರಲಿಲ್ಲ. ಅವರು ಒಂದು ಉಪಾಯ ಹೂಡಿದರು. ಶುಕ್ರವಾರವೇ ಬಲೆ, ಹೊಂಡಗಳನ್ನು ಸಿದ್ಧಪಡಿಸಿಟ್ಟು, ಶನಿವಾರ ಸಿಕ್ಕಿಬಿದ್ದ ಮೀನನ್ನು ಭಾನುವಾರ ಎತ್ತುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆಜ್ಞೆಯ ಅಕ್ಷರವನ್ನು ಉಳಿಸಿ ಅದರ ಜೀವವನ್ನು ತೆಗೆದರು. ಬಂಧುಗಳೇ, ಅಲ್ಲಿ ಮೀನೇ ಗಾಳವಾಗಿತ್ತು, ಸಿಕ್ಕಿಬಿದ್ದವನು ಮನುಷ್ಯನಾಗಿದ್ದನು.

ಆ ಶನಿವಾರ ನಮಗಿಲ್ಲವೆಂದು ನೀವು ಹೇಳಬಹುದು. ನಿಜ, ಇಡೀ ದಿನದ ನಿಷೇಧ ನಮಗಿಲ್ಲ. ಜುಮಾದ ಕರೆ ಕೇಳಿದಾಗ ವ್ಯವಹಾರ ಬಿಟ್ಟು ಧಾವಿಸಬೇಕು, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬಹುದು. ಎಷ್ಟು ಹಗುರವಾದ ಆಜ್ಞೆ! ಆದರೆ ಉಬ್ಬರವು ಮಸೀದಿಯ ಗಡಿಯಾರ ನೋಡಿ ಬರುವುದಿಲ್ಲ. ದಿನಕ್ಕೆ 50 ನಿಮಿಷದಂತೆ ಏಳು ದಿನಕ್ಕೆ ಸುಮಾರು ಆರು ಗಂಟೆ ಸರಿಯುತ್ತದೆ. ಈ ಶುಕ್ರವಾರ ಬಾಂಗಿನ ಹೊತ್ತಿಗೆ ನೀರು ನಿಂತಿದ್ದರೆ, ನಡುವಿನ ಯಾವುದೋ ವಾರಗಳಲ್ಲಿ ಅದೇ ಹೊತ್ತಿಗೆ ನೀರು ಚೆನ್ನಾಗಿ ಹರಿಯುತ್ತಿರುತ್ತದೆ. ಬೆಳಗಿನಿಂದ ಒಂದೂ ಮೀನು ಮುಟ್ಟದ ನೂಲು ಆಗ ಜಗ್ಗತೊಡಗುತ್ತದೆ. ದಡದಿಂದ ಬಾಂಗ್ ಕೇಳುತ್ತದೆ. ದೋಣಿಯಲ್ಲಿರುವವನು ದೂರದ ಪ್ರಯಾಣಿಕನಲ್ಲ, ಹತ್ತು ನಿಮಿಷ ಹುಟ್ಟು ಹಾಕಿದರೆ ದಡ ಸೇರುವವನು. ಆ ಕ್ಷಣವೇ ಅವನ ಶನಿವಾರ. ಅಂಗಡಿಯಲ್ಲಿ ಗಿರಾಕಿ ಕೂಡಿದ ಹೊತ್ತು, ಗದ್ದೆಯಲ್ಲಿ ಆಳು ಸಿಕ್ಕಿದ ಹೊತ್ತು, ಇವೂ ಅಂಥವೇ. ನೂಲನ್ನು ಸುತ್ತಿಟ್ಟು ಬರುವವನಿಗೆ ಆ ಮೀನು ತಪ್ಪಿತೆಂದು ತಿಳಿಯಬೇಡಿ. ಅವನ ಪಾಲಿನ ಅನ್ನವನ್ನು ಬರೆದವನೇ ಅವನನ್ನು ಕರೆದಿದ್ದಾನೆ.

ಇನ್ನೊಂದು ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಈ ಮೀನಿನ ಸೃಷ್ಟಿಯಲ್ಲಿ ಒಂದು ಅಚ್ಚರಿಯಿದೆ. ಇವು ಸಾಮಾನ್ಯವಾಗಿ ಮೊದಲು ಗಂಡಾಗಿ ಬಲಿಯುತ್ತವೆ. ಹಲವು ವರ್ಷಗಳ ನಂತರ, ದೊಡ್ಡದಾಗಿ ಬೆಳೆದ ಮೇಲೆ ಹೆಣ್ಣಾಗಿ ಮಾರ್ಪಡುತ್ತವೆ. ಒಂದು ದೊಡ್ಡ ತಾಯಿಮೀನು ಲಕ್ಷಾಂತರ ಮೊಟ್ಟೆಗಳನ್ನಿಡುತ್ತದೆ. ಹಾಗಾದರೆ ಮರಿಗಳನ್ನೆಲ್ಲ ಎತ್ತಿ ಬುಟ್ಟಿಗೆ ತುಂಬಿದರೆ ಏನಾದೀತು? ತಾಯಿಯಾಗುವ ವಯಸ್ಸಿಗೆ ಒಂದೂ ತಲುಪದು. ಬಲೆಯು ಬಂದುದನ್ನೆಲ್ಲ ಬಾಚುತ್ತದೆ. ಗಾಳದವನಿಗಾದರೋ ಅಲ್ಲಾಹನು ಆಯ್ಕೆಯನ್ನು ಕೊಟ್ಟಿದ್ದಾನೆ. ಒಂದೊಂದೇ ಮೀನು ಜೀವಂತವಾಗಿ ಅವನ ಕೈಗೆ ಬರುತ್ತದೆ. ಗೇಣುದ್ದದ ಮರಿಯನ್ನು ಕೈ ಒದ್ದೆ ಮಾಡಿಕೊಂಡು ಕೊಕ್ಕೆಯಿಂದ ಬಿಡಿಸಿ ನೀರಿಗೆ ಬಿಡಬಹುದು, ಬುಟ್ಟಿಗೂ ಹಾಕಬಹುದು. ಮುಂಜಾನೆಯ ಅಳಿವೆಯಲ್ಲಿ ನೋಡುವವರು ಯಾರೂ ಇಲ್ಲ. ಕಾಣದ ದೇವನಿಗೆ ಯಾರು ಅಂಜುತ್ತಾರೆಂದು ತಿಳಿಯಲು, ಕೈಗೆಟುಕುವ ಬೇಟೆಯಿಂದಲೇ ಪರೀಕ್ಷಿಸಲಾಗುವುದೆಂದು ಅಲ್ ಮಾಇದಾ ಅಧ್ಯಾಯ ಎಚ್ಚರಿಸಿದೆ. ಆ ಮಾತು ಇಹ್ರಾಮ್‌ನಲ್ಲಿದ್ದವರ ಕುರಿತಾದುದು. ಅದರ ನೀತಿ ನಮಗೂ ಅನ್ವಯಿಸುವುದಿಲ್ಲವೇ?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಮೀನುಗಳು ಮರಿ ಮಾಡಲೆಂದು ಈ ಏರ್ಪಾಡು. ನಾಡದೋಣಿಯ ಬಡವರಿಗೆ ಅನ್ನ ತಪ್ಪದಿರಲೆಂದು ರಿಯಾಯಿತಿಯಿದೆ. ಕಡಲಿನಲ್ಲಿ ಬೆಳಕು ಹಾಯಿಸಿ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ಇಂತಹ ನಿಯಮಗಳ ಸಂದು ಹುಡುಕುವುದು ಜಾಣತನವೆಂದು ಕೆಲವರು ತಿಳಿದಿದ್ದಾರೆ. ಶನಿವಾರದವರೂ ಹಾಗೆಯೇ ತಿಳಿದಿದ್ದರು! ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಕಡಲಲ್ಲೂ ಕ್ಷೋಭೆ ತಲೆದೋರಿತೆಂದು ಅರ್ರೂಮ್ ಅಧ್ಯಾಯ ಹೇಳುತ್ತದೆ. ನೆರೆಯವನ ನಾಳಿನ ಅನ್ನವನ್ನು ಇಂದೇ ಬಾಚುವುದು ಅವನಿಗೆ ಮಾಡುವ ಹಾನಿಯಲ್ಲವೇ?

ಮನೆಯಲ್ಲಿ ಕುಳಿತು ಓದುತ್ತಿರುವ ತಾಯಂದಿರೇ, ಸಹೋದರಿಯರೇ, ಈ ಮಾತು ದೋಣಿಯವನಿಗೆ ಮಾತ್ರವಲ್ಲ. ಆ ಊರಿನಲ್ಲಿ ಮೂರು ಗುಂಪುಗಳಿದ್ದವು. ಒಂದು ಮೇರೆ ಮೀರಿತು. ಒಂದು ತಡೆಯಿತು. ಇನ್ನೊಂದು, ನಾಶವಾಗುವವರಿಗೆ ಉಪದೇಶವೇಕೆ ಎಂದು ತಡೆಯುವವರನ್ನೇ ಪ್ರಶ್ನಿಸಿತು. ತಡೆದವರು ಪಾರಾದರೆಂದು ಕುರ್‌ಆನ್ ಸ್ಪಷ್ಟವಾಗಿ ತಿಳಿಸಿದೆ. ಅಗ್ಗವೆಂದು ಮರಿಮೀನಿನ ರಾಶಿಗೆ ನೀವು ಕೈಚಾಚಿದರೆ ನಾಳೆಯೂ ಅದೇ ಮಾರುಕಟ್ಟೆಗೆ ಬರುತ್ತದೆ. ಬೇಡವೆಂದು ಒಂದು ಮಾತು ಹೇಳಿದರೆ ಅದೂ ಒಂದು ತಡೆಯೇ.

ಕೊನೆಯದಾಗಿ, ಹಿಡಿದ ಮೀನಿನ ಮೇಲೂ ಕರುಣೆ ಇರಲಿ. ಎಲ್ಲ ವಿಷಯಗಳಲ್ಲೂ ಒಳಿತನ್ನೇ ಅನುಸರಿಸುವಂತೆ ಅಲ್ಲಾಹನು ವಿಧಿಸಿದ್ದಾನೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಜೀವವಿರುವುದನ್ನು ಗುರಿಯ ಆಟಕ್ಕೆ ಬಳಸುವುದನ್ನು ಅವರು ತಡೆದಿದ್ದಾರೆ. ತಿನ್ನಲು ಹಿಡಿಯಿರಿ, ಮಾರಲು ಹಿಡಿಯಿರಿ. ಬರಿಯ ಮೋಜಿಗಾಗಿ ಜೀವವನ್ನು ಕೊಕ್ಕೆಯಲ್ಲಿ ತೂಗಾಡಿಸಬೇಡಿ. ಹಿಡಿದುದನ್ನು ದೋಣಿಯ ತಳದಲ್ಲಿ ಗಂಟೆಗಟ್ಟಲೆ ಒದ್ದಾಡಲು ಬಿಡಬೇಡಿ.

ನೀರಿನಾಳದ ಕೊಕ್ಕೆ ಮೀನಿಗೆ ಕಾಣುವುದಿಲ್ಲ, ಅದಕ್ಕೆ ಯಾರೂ ತಿಳಿಸಿಲ್ಲ. ನಮಗಾದರೋ ಗ್ರಂಥವಿದೆ, ಪ್ರವಾದಿಯ ಮಾದರಿಯಿದೆ, ಆ ಊರಿನ ಕತೆಯಿದೆ. ನಾಳೆ ಪರಲೋಕದಲ್ಲಿ ಕಾಣಲಿಲ್ಲವೆಂದು ಹೇಳುವಂತಿಲ್ಲ. ಧರ್ಮಸಮ್ಮತವಾದ ಅನ್ನವನ್ನೂ, ಸಿಕ್ಕುವುದರ ಮುಂದೆ ಕೈಯನ್ನು ತಡೆಯುವ ಶಕ್ತಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.